ಡೆಸ್ಕ್‌ಟಾಪ್ ಥೀಮ್

ಗಣಕದ ಪರದೆಯ ಹೊರನೋಟವನ್ನು ನಿರ್ಧರಿಸುವ ಬಣ್ಣ, ಫಾಂಟ್, ಐಕಾನ್, ಕರ್ಸರ್, ವಾಲ್‌ಪೇಪರ್, ವಿಂಡೋ ಅಂಚು ಮತ್ತು ಧ್ವನಿಗಳನ್ನು ಒಟ್ಟುಗೂಡಿಸಿದ ಕಟ್ಟಿಗೆ ಡೆಸ್ಕ್‌ಟಾಪ್ ಥೀಮ್ ಎಂದು ಹೆಸರು. ಥೀಮ್ ಬದಲಿಸಿದರೆ ಕಡತಗಳಾಗಲಿ, ತಂತ್ರಾಂಶಗಳು ಮಾಡುವ ಕೆಲಸವಾಗಲಿ ಬದಲಾಗುವುದಿಲ್ಲ. ಅವು ಕಣ್ಣಿಗೆ ಕಾಣುವ ಬಗೆ ಬದಲಾಗುತ್ತದೆ. ವಾಲ್‌ಪೇಪರ್ ಒಂದನ್ನೇ ಬದಲಿಸುವುದರಿಂದ ಹಿಡಿದು ಪ್ರತಿಯೊಂದು ಬಟನ್ನಿನ ಆಕಾರವನ್ನೂ ತಿದ್ದುವವರೆಗೆ ಇದರ ಹರವು ಇದೆ. ಈ ಹರವಿನಲ್ಲಿ ಎಷ್ಟು ಭಾಗ ಬಳಕೆದಾರರ ಕೈಯಲ್ಲಿರಬೇಕು ಎಂಬ ಬಗ್ಗೆ ತಯಾರಕರ ನಿಲುವು 1984ರಿಂದ ಇಂದಿನವರೆಗೆ ಹಲವು ಸಲ ಹೊರಳಿದೆ.

ಅಂಗಗಳು

ಪೂರ್ಣ ಥೀಮ್ ಒಂದರಲ್ಲಿ ಹಲವು ಪದರಗಳಿರುತ್ತವೆ. ಎಲ್ಲಕ್ಕಿಂತ ಹಿಂದೆ ವಾಲ್‌ಪೇಪರ್. ಅದರ ಮೇಲೆ ವಿಂಡೋಗಳ ಅಂಚು, ಶೀರ್ಷಿಕೆ ಪಟ್ಟಿ, ಮುಚ್ಚುವ ಮತ್ತು ಕಿರಿದಾಗಿಸುವ ಗುಂಡಿಗಳು. ವಿಂಡೋದ ಒಳಗೆ ಬಟನ್, ಮೆನು, ಸ್ಕ್ರಾಲ್‌ಬಾರ್, ಟಿಕ್ ಹಾಕುವ ಚೌಕ ಮೊದಲಾದವು; ತಂತ್ರಾಂಶ ಬರೆಯುವವರು ಇವನ್ನು ವಿಜೆಟ್‌ಗಳು ಎನ್ನುತ್ತಾರೆ. ಐಕಾನ್, ಕರ್ಸರ್, ಫಾಂಟ್, ಬಣ್ಣಗಳ ಪಟ್ಟಿ ಮತ್ತು ಧ್ವನಿ ಪ್ರತ್ಯೇಕ ಪದರಗಳು. ಕೆಲವು ವ್ಯವಸ್ಥೆಗಳಲ್ಲಿ ಇವೆಲ್ಲ ಒಟ್ಟಿಗೇ ಬದಲಾಗುತ್ತವೆ. ಲಿನಕ್ಸ್‌ನ ಕೆಡಿಇ ಪ್ಲಾಸ್ಮಾದಂಥ ಡೆಸ್ಕ್‌ಟಾಪ್‌ಗಳಲ್ಲಿ ಒಂದೊಂದು ಪದರವನ್ನೂ ಬೇರೆಬೇರೆ ಕಡೆಯಿಂದ ತಂದು ಜೋಡಿಸಿಕೊಳ್ಳಬಹುದು.

ಇತಿಹಾಸ

ಆಪಲ್ ಕಂಪನಿ 1984ರಲ್ಲಿ ಹೊರತಂದ ಮೊದಲ ಮ್ಯಾಕಿಂತೋಷ್‌ನ ಪರದೆ ಕಪ್ಪುಬಿಳುಪಿನದು. ಆದರೂ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡೆಸ್ಕ್‌ಟಾಪ್ ಹಿನ್ನೆಲೆಯ ವಿನ್ಯಾಸವನ್ನು ಬಳಕೆದಾರರೇ ಚುಕ್ಕಿ ಚುಕ್ಕಿಯಾಗಿ ಬಿಡಿಸಬಹುದಿತ್ತು. ಎಂಟು ಸಾಲು, ಎಂಟು ಕಂಬಗಳ ಆ ಪುಟ್ಟ ಚೌಕ ರಂಗೋಲಿಯ ಎಳೆಯಂತೆ ಪರದೆಯ ತುಂಬ ಮರುಕಳಿಸುತ್ತಿತ್ತು. ಆ ಯಂತ್ರದ ಐಕಾನ್‌ಗಳನ್ನೂ ಹಲವು ಫಾಂಟ್‌ಗಳನ್ನೂ ರೂಪಿಸಿದವರು ಸೂಸನ್ ಕೇರ್.

ಮೈಕ್ರೋಸಾಫ್ಟ್‌ನ ವಿಂಡೋಸ್ 3.1 (1992) ಸಿದ್ಧ ಬಣ್ಣಗಳ ಜೋಡಣೆಗಳೊಂದಿಗೆ ಬಂತು. ಅವುಗಳಲ್ಲಿ ಕಡುಗೆಂಪು ಮತ್ತು ಹಳದಿಯ 'ಹಾಟ್ ಡಾಗ್ ಸ್ಟ್ಯಾಂಡ್' ಕಣ್ಣು ಕುಕ್ಕುವ ಬಣ್ಣಕ್ಕೆ ಮಾದರಿಯಾಗಿ ಇಂದಿಗೂ ನೆನಪಿನಲ್ಲಿದೆ. ವಾಲ್‌ಪೇಪರ್, ಐಕಾನ್, ಕರ್ಸರ್, ಧ್ವನಿ, ಸ್ಕ್ರೀನ್‌ಸೇವರ್ ಎಲ್ಲವನ್ನೂ ಒಂದೇ ವಿಷಯಕ್ಕೆ ಹೊಂದಿಸಿದ ಥೀಮ್‌ಗಳನ್ನು ಮೈಕ್ರೋಸಾಫ್ಟ್ ಕೊಟ್ಟದ್ದು 1995ರಲ್ಲಿ. ಅವು ವಿಂಡೋಸ್ 95ರ ಜೊತೆ ಉಚಿತವಾಗಿ ಬರಲಿಲ್ಲ, 'ಪ್ಲಸ್!' ಎಂಬ ಪ್ರತ್ಯೇಕ ಪೊಟ್ಟಣದಲ್ಲಿ ಮಾರಾಟವಾದವು. ಹೊರನೋಟವೂ ಬೆಲೆ ಕಟ್ಟಬಹುದಾದ ಸರಕು ಎಂಬುದು ಅಲ್ಲಿಗೆ ಖಚಿತವಾಯಿತು. 2009ರಲ್ಲಿ ಅಗ್ಗದ ನೆಟ್‌ಬುಕ್‌ಗಳಿಗೆಂದು ಬಂದ ವಿಂಡೋಸ್ 7 ಸ್ಟಾರ್ಟರ್ ಆವೃತ್ತಿಯಲ್ಲಿ ವಾಲ್‌ಪೇಪರ್ ಬದಲಿಸುವ ಸೌಲಭ್ಯವನ್ನೇ ತೆಗೆದುಹಾಕಲಾಗಿತ್ತು.

2001ರ ವಿಂಡೋಸ್ ಎಕ್ಸ್‌ಪಿ 'ಲೂನಾ' ಎಂಬ ಹೊಸ ರೂಪವನ್ನು ನೀಲಿ, ಆಲಿವ್ ಹಸಿರು ಮತ್ತು ಬೆಳ್ಳಿ ಬಣ್ಣಗಳಲ್ಲಿ ತಂದಿತು. ಅದರೊಂದಿಗೆ ಬಂದ 'ಬ್ಲಿಸ್' ವಾಲ್‌ಪೇಪರ್‌ನ ಹಸಿರು ಗುಡ್ಡ ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯದು. ಛಾಯಾಗ್ರಾಹಕ ಚಾರ್ಲ್ಸ್ ಓರಿಯರ್ ಅದನ್ನು 1996ರಲ್ಲಿ ಫಿಲ್ಮ್ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರು. ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಇಲ್ಲದ ವಿಷುಯಲ್ ಸ್ಟೈಲ್‌ಗಳನ್ನು ಎಕ್ಸ್‌ಪಿ ಒಪ್ಪುತ್ತಿರಲಿಲ್ಲ. ಹವ್ಯಾಸಿಗಳು ಸಹಿ ಪರೀಕ್ಷಿಸುವ ವ್ಯವಸ್ಥಾ ಕಡತವನ್ನೇ ತಿದ್ದಿ ತಮ್ಮ ರೂಪಗಳನ್ನು ಹಾಕಿಕೊಂಡರು. ಗಾಜಿನಂಥ ಪಾರದರ್ಶಕ ಅಂಚುಗಳ 'ಏರೋ' 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದ ಗುರುತಾಯಿತು. 2012ರ ವಿಂಡೋಸ್ 8 ಆ ಗಾಜನ್ನು ಮಾತ್ರವಲ್ಲ, ಹಳೆಯ ಬೂದುಬಣ್ಣದ ಕ್ಲಾಸಿಕ್ ಥೀಮ್ ಅನ್ನೂ ಕೈಬಿಟ್ಟಿತು.

ಆಪಲ್ ಈ ವಿಷಯದಲ್ಲಿ ಕೈ ಬಿಗಿ ಹಿಡಿದ ಕಂಪನಿ. ಮ್ಯಾಕ್ ಓಎಸ್ 8.5ಕ್ಕಾಗಿ ಹಲವು ಥೀಮ್‌ಗಳು ಸಿದ್ಧವಾಗಿದ್ದರೂ 1998ರ ಅಂತಿಮ ಆವೃತ್ತಿಯಲ್ಲಿ 'ಪ್ಲಾಟಿನಮ್' ಒಂದೇ ಉಳಿಯಿತು. ಆ ಕೊರತೆಯನ್ನು ಕೆಲೈಡೊಸ್ಕೋಪ್ ಎಂಬ ಹೊರಗಿನ ತಂತ್ರಾಂಶ ತುಂಬಿತು. ನಂತರದ ಮ್ಯಾಕ್ ಓಎಸ್ ಟೆನ್‌ನ 'ಅಕ್ವಾ' ರೂಪದಲ್ಲಿ ಆಯ್ಕೆಗೆ ಇದ್ದದ್ದು ನೀಲಿ ಮತ್ತು ಗ್ರಾಫೈಟ್ ಎರಡೇ. ಇಡೀ ವ್ಯವಸ್ಥೆಗೆ ಅನ್ವಯಿಸುವ ಡಾರ್ಕ್ ಮೋಡ್ 2018ರ ಮೊಹಾವಿ ಆವೃತ್ತಿಯಲ್ಲಿ ಬಂತು.

ಯುನಿಕ್ಸ್ ಮತ್ತು ಲಿನಕ್ಸ್

ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಆರಂಭವಾದ ಎಕ್ಸ್ ವಿಂಡೋ ಸಿಸ್ಟಮ್ ಬೇರೆಯೇ ದಾರಿ ಹಿಡಿಯಿತು. ಪರದೆಯ ಮೇಲೆ ಗೆರೆ, ಚಿತ್ರ ಮೂಡಿಸುವ ಸಾಧನವನ್ನಷ್ಟೇ ಅದು ಒದಗಿಸಿತು. ವಿಂಡೋ ಹೇಗೆ ಕಾಣಬೇಕು ಎಂಬುದನ್ನು ವಿಂಡೋ ಮ್ಯಾನೇಜರ್ ಎಂಬ ಪ್ರತ್ಯೇಕ ತಂತ್ರಾಂಶಕ್ಕೆ ಬಿಟ್ಟಿತು. ಹೀಗಾಗಿ ಒಂದೇ ವ್ಯವಸ್ಥೆಯ ಮೇಲೆ ಎಫ್‌ವಿಡಬ್ಲ್ಯೂಎಂ, ಎನ್‌ಲೈಟನ್‌ಮೆಂಟ್ ಮೊದಲಾದ ಒಂದಕ್ಕೊಂದು ಹೋಲದ ಮುಖಗಳು ಹುಟ್ಟಿಕೊಂಡವು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಯೋಜನೆಗಳು ಶುರುವಾದ ಮೇಲೆ ಬಿಡಿ ಭಾಗಗಳು ಕೂಡಿ ಪೂರ್ಣ ಡೆಸ್ಕ್‌ಟಾಪ್‌ಗಳಾದವು.

ಇಲ್ಲಿ ಪೂರ್ಣ ಸ್ವಾತಂತ್ರ್ಯವೇ ಸಮಸ್ಯೆಯೂ ಆಯಿತು. ಲಿನಕ್ಸ್ ವಿತರಣೆಗಳು ತಮ್ಮ ಥೀಮ್ ಅನ್ನು ಎಲ್ಲ ತಂತ್ರಾಂಶಗಳ ಮೇಲೂ ಹೊದಿಸಿದಾಗ ಎಲ್ಲೋ ಅಕ್ಷರ ಹಿನ್ನೆಲೆಯಲ್ಲಿ ಕರಗಿಹೋಗುತ್ತಿತ್ತು, ಇನ್ನೆಲ್ಲೋ ಬಟನ್ ಮುರಿದಂತೆ ಕಾಣುತ್ತಿತ್ತು. ದೂರು ಮಾತ್ರ ತಂತ್ರಾಂಶ ಬರೆದವರಿಗೆ ಹೋಗುತ್ತಿತ್ತು. ತಮ್ಮ ತಂತ್ರಾಂಶಗಳಿಗೆ ಥೀಮ್ ಹಾಕಬೇಡಿ ಎಂದು ಗ್ನೋಮ್ ವಲಯದ ಅಭಿವರ್ಧಕರು 2019ರಲ್ಲಿ ಬಹಿರಂಗ ಪತ್ರ ಬರೆದರು. 2022ರ ಗ್ನೋಮ್ 42ರಿಂದ ಬಳಕೆಗೆ ಬಂದ ಲಿಬ್‌ಅಡ್ವೈಟಾ ಎಂಬ ವಿಜೆಟ್ ಸಂಗ್ರಹ ಹಳೆಯ ಬಗೆಯ ಥೀಮ್ ಬದಲಾವಣೆಯನ್ನು ಬದಿಗಿಟ್ಟು, ತಿಳಿ ಮತ್ತು ಗಾಢ ಎಂಬ ಎರಡು ರೂಪಗಳನ್ನು ಮುಂದಿಟ್ಟಿತು. ಮುಖ್ಯ ಬಣ್ಣವನ್ನು ಆರಿಸಿಕೊಳ್ಳುವ ಅವಕಾಶ 2024ರ ಗ್ನೋಮ್ 47ರಲ್ಲಿ ಸೇರಿತು. ಕೆಡಿಇ ಮಾತ್ರ ಹಿಂದಿನಂತೆ ಎಲ್ಲ ಪದರಗಳನ್ನೂ ತೆರೆದಿಟ್ಟಿದೆ.

ಕೆಲಸ ಮಾಡುವ ಬಗೆ

ತಂತ್ರಾಂಶವೊಂದು ಸಾಮಾನ್ಯವಾಗಿ ತನ್ನ ಬಟನ್ನನ್ನು ತಾನೇ ಬಿಡಿಸುವುದಿಲ್ಲ. 'ಇಲ್ಲಿ ಒಂದು ಬಟನ್ ಬೇಕು' ಎಂದು ಜಿಟಿಕೆ ಅಥವಾ ಕ್ಯೂಟಿಯಂಥ ಟೂಲ್‌ಕಿಟ್‌ಗೆ ಹೇಳುತ್ತದೆ. ಟೂಲ್‌ಕಿಟ್ ಥೀಮ್ ನೋಡಿ ಬಿಡಿಸುತ್ತದೆ. ಜಾಲತಾಣಗಳ ಅಲಂಕಾರಕ್ಕೆ ಬಳಸುವ ಸಿಎಸ್‌ಎಸ್ ನಿಯಮಗಳಿಂದಲೇ ಜಿಟಿಕೆ 3 ಮತ್ತು ನಂತರದ ಆವೃತ್ತಿಗಳ ಥೀಮ್ ಬರೆಯಬಹುದು. ಟೂಲ್‌ಕಿಟ್ ಬೇರೆಯಾದರೆ ಥೀಮ್ ತಾನಾಗಿ ಅಂಟುವುದಿಲ್ಲ. ಒಂದೇ ಪರದೆಯಲ್ಲಿ ಎರಡು ಬಗೆಯ ವಿಂಡೋಗಳು ಕಾಣಲು ಇದೇ ಕಾರಣ.

ಲಿನಕ್ಸ್ ಡೆಸ್ಕ್‌ಟಾಪ್‌ಗಳ ಐಕಾನ್‌ಗಳಿಗೆ ಫ್ರೀಡೆಸ್ಕ್‌ಟಾಪ್ ಯೋಜನೆ ರೂಪಿಸಿದ ಸಮಾನ ನಿಯಮವಿದೆ. ಕೇಳಿದ ಐಕಾನ್ ಆಯ್ದ ಥೀಮ್‌ನಲ್ಲಿ ಇಲ್ಲದಿದ್ದರೆ ಅದರ ಮೂಲ ಥೀಮ್‌ನಲ್ಲಿ, ಅಲ್ಲೂ ಸಿಗದಿದ್ದರೆ 'ಹೈಕಲರ್' ಎಂಬ ಕಡೆಯ ಸಂಗ್ರಹದಲ್ಲಿ ಹುಡುಕಲಾಗುತ್ತದೆ. ಪಾರದರ್ಶಕತೆ, ಮಸುಕು, ನೆರಳುಗಳನ್ನು ನೋಡಿಕೊಳ್ಳುವುದು ಕಂಪೋಸಿಟರ್. ಪ್ರತಿ ವಿಂಡೋವನ್ನೂ ಮೊದಲು ಮೆಮೊರಿಯಲ್ಲಿ ಬಿಡಿಸಿಟ್ಟು, ಬಳಿಕ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ಪರದೆಗೆ ಕಳಿಸುವುದು ಅದರ ಕೆಲಸ.

ಥೀಮ್‌ನಲ್ಲಿ ಚಿತ್ರಗಳಷ್ಟೇ ಇರುತ್ತವೆ ಎಂದು ನಂಬುವಂತಿಲ್ಲ. ಕೆಡಿಇಯ ಗ್ಲೋಬಲ್ ಥೀಮ್‌ಗಳು ಕೋಡ್ ಕೂಡ ಓಡಿಸಬಲ್ಲವು. 2024ರ ಮಾರ್ಚ್‌ನಲ್ಲಿ ಹೊರಗಿನವರು ರೂಪಿಸಿದ ಅಂಥ ಒಂದು ಥೀಮ್ ಬಳಕೆದಾರರೊಬ್ಬರ ಕಡತಗಳನ್ನು ಅಳಿಸಿಹಾಕಿತು.

ಓದುವ ಅನುಕೂಲ

ದೃಷ್ಟಿದೋಷ ಇರುವವರಿಗೆ ಥೀಮ್ ಅಲಂಕಾರವಲ್ಲ, ಅಗತ್ಯ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬೆಳಕಿನ ಅಂತರ ಇರಬೇಕೆಂದು ಜಾಲವಿಷಯಗಳ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಎಎ ಮಟ್ಟ ಹೇಳುತ್ತದೆ; ಡೆಸ್ಕ್‌ಟಾಪ್ ವಿನ್ಯಾಸಕಾರರೂ ಇದನ್ನೇ ಅಳತೆಗೋಲಾಗಿ ಬಳಸುತ್ತಾರೆ. ವಿಂಡೋಸ್ 11ರ ಕಾಂಟ್ರಾಸ್ಟ್ ಥೀಮ್‌ಗಳು ಈ ಉದ್ದೇಶಕ್ಕೇ ಇವೆ. ಕಪ್ಪು ಚುಕ್ಕಿ ಬೆಳಕನ್ನೇ ಸೂಸದ ಓಎಲ್‌ಇಡಿ ಪರದೆಗಳಲ್ಲಿ ಗಾಢ ಥೀಮ್ ವಿದ್ಯುತ್ತನ್ನೂ ಉಳಿಸುತ್ತದೆ. ಹಿಂಬದಿಯ ದೀಪ ಸದಾ ಉರಿಯುವ ಸಾಮಾನ್ಯ ಎಲ್‌ಸಿಡಿಯಲ್ಲಿ ಆ ಲಾಭ ಇಲ್ಲವೆಂದೇ ಹೇಳಬಹುದು.

ಕನ್ನಡ ಲಿಪಿ ಮತ್ತು ಥೀಮ್

ಕನ್ನಡದಲ್ಲಿ ಡೆಸ್ಕ್‌ಟಾಪ್ ಬಳಸುವವರಿಗೆ ಥೀಮ್‌ನ ಗುಣ ತಿಳಿಯುವುದು ಒತ್ತಕ್ಷರದಲ್ಲಿ. 'ರಾಷ್ಟ್ರ' ಎಂಬ ಪದದ ಒತ್ತುಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ರೋಮನ್ ಲಿಪಿಯ ಅಳತೆಗೆ ಎತ್ತರವನ್ನು ಬಿಗಿಯಾಗಿ ನಿಗದಿ ಮಾಡಿದ ಥೀಮ್‌ಗಳಲ್ಲಿ ಶೀರ್ಷಿಕೆ ಪಟ್ಟಿ, ಮೆನುಗಳ ಅಂಚಿಗೆ ಸಿಕ್ಕಿ ಇಂಥ ಒತ್ತುಗಳು ಕತ್ತರಿಸಿಹೋಗುತ್ತವೆ. ಥೀಮ್ ಸೂಚಿಸಿದ ಫಾಂಟ್‌ನಲ್ಲಿ ಕನ್ನಡ ಇಲ್ಲದಿದ್ದರೆ ವ್ಯವಸ್ಥೆ ಬೇರೊಂದು ಫಾಂಟ್ ತಂದು ತುಂಬುತ್ತದೆ. ಆಗ ಪಕ್ಕಪಕ್ಕದ ಇಂಗ್ಲಿಷ್ ಮತ್ತು ಕನ್ನಡ ಅಕ್ಷರಗಳ ದಪ್ಪ, ಗಾತ್ರ ಹೊಂದುವುದಿಲ್ಲ. ಯಾವ ಫಾಂಟೂ ಸಿಗದಿದ್ದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕ ಮೂಡುತ್ತದೆ.

ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ತುಂಗಾ, ವಿಂಡೋಸ್ 8ರಿಂದ ಇರುವ ನಿರ್ಮಲಾ ಯುಐ, ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಲೋಹಿತ್ ಕನ್ನಡ ಮತ್ತು ನೋಟೋ ಸಾನ್ಸ್ ಕನ್ನಡ ಈ ಜಾಗ ತುಂಬುವ ಫಾಂಟ್‌ಗಳು. ಕನ್ನಡ ಬಳಕೆದಾರರು ಹೊಸ ಥೀಮ್ ಆರಿಸುವಾಗ ಬಣ್ಣಕ್ಕಿಂತ ಮೊದಲು ಸಾಲಿನ ಎತ್ತರ ಮತ್ತು ಫಾಂಟ್ ಬದಲಿಸುವ ಅವಕಾಶವನ್ನು ನೋಡಬೇಕಾಗುತ್ತದೆ.