ವಚನಾಂಕಿತವೂ ಸಂಪಾದಕಧರ್ಮವೂ

ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಕ್ರಿ. ಶ. 1260ರ ಅರ್ಜುನವಾಡ ಶಾಸನವು ಬಸವರಾಜನನ್ನು ಬಾಗವಾಡಿಯ ಮಾದಿರಾಜನ ತನಯನೆಂದು ಹೇಳುವುದರಿಂದ ಈ ಪ್ರತೀತಿಗೆ ಶಿಲಾಲೇಖದ ಆಧಾರವೂ ಉಂಟು. ಆದರೆ ಅವರ ವಚನಗಳು ಓಲೆಗರಿಗಳಲ್ಲಿ ಲಿಪಿಕಾರರ ಕೈಯಿಂದ ಕೈಗೆ ಬಂದವು. ಇಂತಹ ವಚನವು ಯಾರದೆಂದು ನಿರ್ಣಯಿಸಲು ಮುಖ್ಯ ಸಾಧನವು ಅಂಕಿತವೇ. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿಯವರು.

ವಿಜಾಪುರದ ಫ. ಗು. ಹಳಕಟ್ಟಿಯವರು ಓಲೆಪ್ರತಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಮುದ್ರಣದೊಡನೆ ಸಂಪಾದಕನ ಹೊಣೆಯೂ ಹೆಚ್ಚಿತು: ಓಲೆಯ ತಪ್ಪು ಒಂದು ಪ್ರತಿಯದು, ಅಚ್ಚಿನ ತಪ್ಪು ಸಾವಿರ ಪ್ರತಿಗಳದು.

ಮುಂದೆ ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬಲ್ಲಿ ‘ಲಿಂಗದೇವ’ ಎಂದಿಟ್ಟರು. ಕರ್ನಾಟಕ ಸರಕಾರವು 1998ರಲ್ಲಿ ಆ ಗ್ರಂಥವನ್ನು ನಿಷೇಧಿಸಿತು. ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ಅಲ್ಲಿ ವಿಚಾರಕ್ಕೆ ಬಂದುದು ಭಕ್ತರ ಮನೋವೇದನೆ. ವಿದ್ವಾಂಸರ ಪ್ರಶ್ನೆಯು ಬೇರೆ. ಅಂಕಿತದ ಮೂಲರೂಪವನ್ನು ಊಹಿಸುವ ಸ್ವಾತಂತ್ರ್ಯವು ಸಂಪಾದಕನಿಗೆ ಉಂಟು, ಆ ಊಹೆಯ ಸ್ಥಾನವು ಪೀಠಿಕೆಯಲ್ಲಿ, ಅಡಿಟಿಪ್ಪಣಿಯಲ್ಲಿ, ಮೂಲಪಾಠದಲ್ಲಲ್ಲ. ಪಾಠವನ್ನೇ ತಿದ್ದಿದರೆ ಊಹೆಯನ್ನು ಪರೀಕ್ಷಿಸುವ ಸಾಧನವೇ ಮುಂದಿನ ಓದುಗನಿಗೆ ತಪ್ಪಿಹೋಗುತ್ತದೆ. ಈ ಧರ್ಮವು ರಾಜಾಜ್ಞೆಯಿಂದ ನೆಲೆಗೊಳ್ಳತಕ್ಕುದಲ್ಲ. ಸಂಪಾದಕನ ಸಂಯಮದಿಂದಲೇ ನೆಲೆಗೊಳ್ಳಬೇಕು.