ಹಂಪಿಗೂ ಗದಗಿಗೂ ನಡುವೆ: ಐದು ತಾಲ್ಲೂಕುಗಳ ಸಂಗೀತದ ದಾರಿ

[ಈ ವಾರದ ಸಂಚಿಕೆಯ ಬರಹ ರೂಪ]

ಇಯರ್‌ಫೋನ್ ಹಾಕ್ಕೊಂಡಿದ್ರೆ ಒಳ್ಳೇದು, ಯಾಕಂದ್ರೆ ಇವತ್ತು ಸ್ವಲ್ಪ ಸರಿಗಮ ಇದೆ.

ವಿಜಯನಗರ ಜಿಲ್ಲೆ ಆಗಿದ್ದು 2021ರಲ್ಲಿ. ಜಿಲ್ಲೆ ಅಂದ ಕೂಡ್ಲೇ ಎಲ್ಲರ ಕಣ್ಣು ಹೊಸಪೇಟೆ, ಹಂಪಿ ಕಡೆ ಹೋಗುತ್ತೆ. ಉಳಿದ ಐದು ತಾಲ್ಲೂಕು, ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವುಗಳ ಹೆಸರು ಶಾಸ್ತ್ರೀಯ ಸಂಗೀತದ ಪುಸ್ತಕದಲ್ಲಿ ಹುಡುಕಿದರೆ ಸಿಗೋದು ಕಷ್ಟ. ಕ್ಲಾಸಿಕಲ್ ಅಂದ್ರೆ ಮೈಸೂರು, ಧಾರವಾಡ, ಚೆನ್ನೈನವರದು, ನಮ್ಮದಲ್ಲ ಅಂತ ಈ ಕಡೆಯ ಹುಡುಗ ಹುಡುಗಿಯರು ಅಂದುಕೊಳ್ಳೋದು ಅದಕ್ಕೇ. ಆದರೆ ಮ್ಯಾಪ್ ತೆಗೆದು ನೋಡಿ. ಪೂರ್ವಕ್ಕೆ ಹಂಪಿ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಮುಂಡರಗಿ, ಅದರಾಚೆ ಗದಗ. ದಕ್ಷಿಣದ ಸಂಗೀತಕ್ಕೆ ಪಾಠಕ್ರಮ ಕೊಟ್ಟ ಊರು ಒಂದು ಕಡೆ, ಕನ್ನಡದ ಹಿಂದೂಸ್ತಾನಿ ಗಾಯಕರನ್ನು ಬೆಳೆಸಿದ ಊರು ಇನ್ನೊಂದು ಕಡೆ. ಈ ಐದು ತಾಲ್ಲೂಕು ಇರೋದು ನಡುಮಧ್ಯೆ.

ಹಂಪಿಗಿಂತ ಹಿಂದಿನಿಂದ ಶುರು ಮಾಡೋಣ. ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರ, ಹೊಳೆದಂಡೆಯ ಕುರುವತ್ತಿಯ ಮಲ್ಲಿಕಾರ್ಜುನ, ಇವೆಲ್ಲ ಕಲ್ಯಾಣದ ಚಾಲುಕ್ಯರ ಕಾಲದ ಕೆಲಸ. ಕುರುವತ್ತಿಗೆ ಹೋದರೆ ಕಂಬದ ಮೇಲಿನ ಮದನಿಕೆಯರನ್ನ ನೋಡದೆ ಬರಬೇಡಿ. ಆ ರಾಜರು ಗುಡಿ ಕಟ್ಟಿಸಿದ್ದಷ್ಟೇ ಅಲ್ಲ, ಸಂಗೀತದ ಬಗ್ಗೆ ಬರೆದರು ಕೂಡ. ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಹಾಡು, ವಾದ್ಯ, ಕುಣಿತ ಮೂರಕ್ಕೂ ಬೇರೆ ಬೇರೆ ಭಾಗ ಇದೆ. ಅದು ಸುಮಾರು 1130ರ ಪುಸ್ತಕ. ಅವನ ಮಗ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ ಬರೆದ. ಅಪ್ಪ ಮಗ ಇಬ್ಬರೂ ಚಕ್ರವರ್ತಿಗಳು, ಇಬ್ಬರೂ ಸಂಗೀತದ ಲೇಖಕರು!

ರಾಜರ ಹೆಸರು ಉಳೀತು. ಗುಡಿಗಳಲ್ಲಿ ನಿಜವಾಗಿ ಹಾಡಿದ, ಕುಣಿದ ಹೆಣ್ಣುಮಕ್ಕಳ ಹೆಸರು ಬಹುಪಾಲು ಉಳೀಲಿಲ್ಲ. ಇದನ್ನು ಹೇಳದೆ ಮುಂದಕ್ಕೆ ಹೋದರೆ ಅದು ಇತಿಹಾಸ ಅಲ್ಲ. ದೇವರಿಗೆ ಬಿಡೋ ಪದ್ಧತಿಯಲ್ಲಿ ಕಾಲಕ್ರಮೇಣ ಕಲೆ ಕರಗಿತು, ಶೋಷಣೆ ಮಾತ್ರ ಉಳೀತು. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಇಲ್ಲಿಗೆ ಮೊದಲು ಬಂದದ್ದು ಮದ್ರಾಸಿನ 1947ರ ನಿಷೇಧ ಕಾನೂನು. ಕರ್ನಾಟಕದ ಕಾನೂನು ಬಂದದ್ದು 1982ರಲ್ಲಿ. ಕೂಡ್ಲಿಗಿ, ಹರಪನಹಳ್ಳಿ ಕಡೆಯವರಿಗೆ ಇದು ಪುಸ್ತಕದ ಮಾತಲ್ಲ, ಓಣಿಯ ಮಾತು. ಸಂಗೀತದ ಚರಿತ್ರೆ ಬರೆಯುವವರು ಈ ಪುಟವನ್ನ ಸಾಮಾನ್ಯವಾಗಿ ಮಡಚಿಟ್ಟು ಮುಂದಕ್ಕೆ ಹೋಗ್ತಾರೆ. ಅದು ನನಗೆ ಸರಿ ಕಾಣಲ್ಲ.

ಈಗ ಹಂಪಿ. ಪುರಂದರದಾಸರು 1484ರಿಂದ 1564ರವರೆಗೆ ಬದುಕಿದ್ದರು ಅನ್ನೋದು ರೂಢಿಯ ಲೆಕ್ಕ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ, ಈ ಮೆಟ್ಟಿಲು ಮೆಟ್ಟಿಲಿನ ಪಾಠ ಅವರದೇ ಅಂತ ಸಂಪ್ರದಾಯ ಹೇಳುತ್ತೆ. ಇವತ್ತಿಗೂ ಕರ್ನಾಟಕ ಸಂಗೀತ ಕಲಿಯೋ ಮಗು ಮೊದಲು ಹಾಡೋದು ಮಾಯಾಮಾಳವಗೌಳ ರಾಗದಲ್ಲಿ.

ಯಾಕೆ ಅದೇ ರಾಗ? ಫೋನಲ್ಲಿ ಪಿಯಾನೋ ಆ್ಯಪ್ ಇದ್ದರೆ ತೆಗೀರಿ. ಕರಿ ಬಿಳಿ ಎರಡೂ ಸೇರಿಸಿ, ಯಾವುದಾದರೂ ಒಂದು ಮನೆಯನ್ನ ‘ಸ’ ಅಂತ ಇಟ್ಟುಕೊಂಡು ಅಲ್ಲಿಂದ ಎಣಿಸಿ. 1, 2, 5, 6, 8, 9, 12, ಆಮೇಲೆ ಮೇಲಿನ ಸ, ಅದು 13. ಇದೇ ಮಾಯಾಮಾಳವಗೌಳ. ಅಂತರ ನೋಡಿ: ಸ ಇಂದ ಮ ತನಕ 1, 3, 1. ಪ ಇಂದ ಮೇಲಿನ ಸ ತನಕ ಮತ್ತೆ 1, 3, 1. ಅರ್ಧ ಕಲಿತರೆ ಉಳಿದರ್ಧ ಅದೇ ಅಚ್ಚು. ತೀರಾ ಹತ್ತಿರದ ಅಂತರ, ದೊಡ್ಡ ಜಿಗಿತ ಎರಡೂ ಇರೋದ್ರಿಂದ ಗಂಟಲಿಗೂ ಕಿವಿಗೂ ಒಟ್ಟಿಗೇ ಕಸರತ್ತು. ಇದೇ ಸ್ವರಗಳನ್ನು ಹಿಂದೂಸ್ತಾನಿಯವರು ಭೈರವ ಅಂತಾರೆ. ಅಲ್ಲಿ ರಿ ಮತ್ತು ಧ ಎರಡನ್ನೂ ನಿಧಾನವಾಗಿ ತೂಗಿಸಿ ಹಾಡ್ತಾರೆ, ಹಾಗಾಗಿ ಸ್ವರ ಒಂದೇ ಆದರೂ ಮುಖ ಬೇರೆ. ಸ್ವರಗಳ ಪಟ್ಟಿ ರಾಗ ಅಲ್ಲ, ಹೇಗೆ ನಡೆಸ್ತೀರಿ ಅನ್ನೋದು ರಾಗ. ಇದು ಅರ್ಥ ಆದರೆ ಶಾಸ್ತ್ರದ ದೊಡ್ಡ ಗುಟ್ಟು ಅರ್ಥ ಆದ ಹಾಗೆ.

ದಾಸರು ಇದ್ದ ಕಾಲದಲ್ಲೇ, 1550ರಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ಅನ್ನುವವನು ‘ಸ್ವರಮೇಳಕಲಾನಿಧಿ’ ಬರೆದ. ದಾಸರ ಹೆಸರು ಗೊತ್ತಿರೋ ನೂರು ಜನರಲ್ಲಿ ಒಬ್ಬರಿಗೂ ಇವನು ಗೊತ್ತಿರಲ್ಲ, ಪಾಪ. ಇವನು ಮಾಡಿದ್ದು ಏನಪ್ಪಾ ಅಂದ್ರೆ, ಹರಡಿಕೊಂಡಿದ್ದ ರಾಗಗಳನ್ನ ಅವು ಬಳಸೋ ಸ್ವರದ ಪ್ರಕಾರ 20 ಮೇಳಗಳಾಗಿ ಜೋಡಿಸಿದ್ದು. ವೀಣೆಯ ಮೆಟ್ಟಿಲು ಎಲ್ಲಿ ಕೂರಿಸಬೇಕು ಅಂತಲೂ ಬರೆದ. ನಮ್ಮ ಫೋನಲ್ಲಿ ಹಾಡುಗಳನ್ನ ಪ್ಲೇಲಿಸ್ಟ್ ಮಾಡಿದಂಗೆ ಅನ್ನಿ, ಆದರೆ ಮೂಡ್ ಪ್ರಕಾರ ಅಲ್ಲ, ಅಳತೆ ಪ್ರಕಾರ.

1565ರಲ್ಲಿ ಯುದ್ಧ. ರಾಮರಾಯ ಸತ್ತ, ಹಂಪಿ ಹಾಳಾಯಿತು. ಹಾಡೋರು, ಬರೆಯೋರು, ಪಂಡಿತರು ದಕ್ಷಿಣಕ್ಕೆ ಸರಿದರು. ತಂಜಾವೂರಿನ ನಾಯಕರ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತ ಕನ್ನಡ ಮೂಲದವನು. ಅವನ ಮಗ ವೆಂಕಟಮಖಿ 17ನೇ ಶತಮಾನದಲ್ಲಿ ‘ಚತುರ್ದಂಡಿ ಪ್ರಕಾಶಿಕೆ’ ಬರೆದು, 72 ಮೇಳ ಸಾಧ್ಯ ಅಂತ ಲೆಕ್ಕ ಹಾಕಿ ತೋರಿಸಿದ. ರಾಮಾಮಾತ್ಯನನ್ನ ಟೀಕಿಸುತ್ತಲೇ ಅವನು ಹಾಕಿದ ದಾರಿಯಲ್ಲೇ ಮುಂದಕ್ಕೆ ಹೋದ.

72 ಹೇಗೆ ಬಂತು? ಪಿಯುಸಿ ಗಣಿತ ಸಾಕು. ಸ ಮತ್ತು ಪ ಕದಲಲ್ಲ. ಅದೇ ಆ್ಯಪ್‌ನಲ್ಲಿ 2, 3, 4, 5 ಈ ನಾಲ್ಕು ಮನೆಯಲ್ಲಿ ರಿ, ಗ ಅಂತ ಎರಡನ್ನ ಆರಿಸಬೇಕು. ನಾಲ್ಕರಲ್ಲಿ ಎರಡು, 6 ಬಗೆ. 9ರಿಂದ 12ರವರೆಗಿನ ನಾಲ್ಕರಲ್ಲಿ ಧ, ನಿ, ಅದೂ 6 ಬಗೆ. ಆರಾರಲೇ 36. ಮ ಇರೋದು 6ನೇ ಮನೆಯಲ್ಲಿ ಅಥವಾ 7ನೇ ಮನೆಯಲ್ಲಿ, ಹಾಗಾಗಿ ಅದರ ಎರಡು ಪಟ್ಟು, 72. ಇವತ್ತಿನ ಪಟ್ಟಿಯಲ್ಲಿ ಮಾಯಾಮಾಳವಗೌಳದ ನಂಬರ್ 15.

ಮುಂದೆ ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು, ಮೂವರೂ ಕಾವೇರಿ ದಂಡೆಯವರು. ಅವರ ಕಥೆ ಎಲ್ಲ ಕಡೆ ಸಿಗುತ್ತೆ, ಇಲ್ಲಿ ಬಿಡ್ತೀನಿ. ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ದಲ್ಲಿ ಪುರಂದರದಾಸರನ್ನು ನೆನೆದಿದ್ದಾರೆ ಅನ್ನೋದು ಮಾತ್ರ ನೆನಪಿರಲಿ.

ಕಥೆಯ ತಿರುವು ಇನ್ನೊಂದು ಕಡೆ ಇದೆ. 1904ರಲ್ಲಿ ಮುಂಬೈಯ ವಕೀಲ ವಿಷ್ಣು ನಾರಾಯಣ ಭಾತಖಂಡೆ ದಕ್ಷಿಣ ಪ್ರವಾಸಕ್ಕೆ ಬಂದರು. ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನ ಭೇಟಿ ಮಾಡಿದರು, ವೆಂಕಟಮಖಿಯ ಗ್ರಂಥ ಅವರ ಕೈಸೇರಿತು. ಆಮೇಲೆ ಅವರು ಹಿಂದೂಸ್ತಾನಿ ರಾಗಗಳನ್ನ 10 ಥಾಟ್‌ಗಳಾಗಿ ಜೋಡಿಸಿದರು. ನಿಮ್ಮೂರಿನ ಹಾರ್ಮೋನಿಯಂ ಮೇಷ್ಟ್ರು ಬಿಲಾವಲ್, ಕಲ್ಯಾಣ್, ಖಮಾಜ್ ಅಂತ ಬಾಯಿಪಾಠ ಮಾಡಿಸ್ತಾರಲ್ಲ, ಅದೇ. ಅಂದ್ರೆ ಹಂಪಿಯಲ್ಲಿ ಬರೆದ ವಿಚಾರ ತಂಜಾವೂರಿಗೆ ಹೋಗಿ, ಅಲ್ಲಿಂದ ಮುಂಬೈ ಸುತ್ತಿ, ಉತ್ತರದ ವೇಷದಲ್ಲಿ ಹಡಗಲಿಗೆ ವಾಪಸ್ ಬಂದಿದೆ!

ಈಗ ಹೊಳೆಯಾಚೆ ಗದಗ. ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟು ಅಂಧರು. ಹಾನಗಲ್ಲಿನ ಕುಮಾರ ಶಿವಯೋಗಿಗಳ ಆಸರೆಯಲ್ಲಿ ಕಲಿತು, ಕರ್ನಾಟಕ, ಹಿಂದೂಸ್ತಾನಿ ಎರಡರಲ್ಲೂ ಪಳಗಿ, ಅಂಧ ಮಕ್ಕಳು, ಬಡ ಮಕ್ಕಳಿಗೆ ಊಟ ಹಾಕಿ ಪಾಠ ಹೇಳಿದರು. ಊರೂರು ಸುತ್ತುತ್ತಿದ್ದ ಆ ಗುರುಕುಲ ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ನಂತರ ಅದನ್ನ ನಡೆಸಿದವರು ಪುಟ್ಟರಾಜ ಗವಾಯಿಗಳು, 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ಕ್ಕೆ ತೀರಿಕೊಂಡರು. ಆಸ್ಥಾನ ಇಲ್ಲ, ಜಮೀನ್ದಾರಿ ಇಲ್ಲ, ಜೋಳಿಗೆಯ ಮೇಲೆ ನಡೆದ ಸಂಗೀತ ಶಾಲೆ. ಶಾಸ್ತ್ರೀಯ ಸಂಗೀತಕ್ಕೆ ದುಡ್ಡಿರೋ ಮನೆ ಬೇಕು ಅನ್ನೋರಿಗೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಕಂಡಿಲ್ಲ.

ಹಂಪಿ ಮತ್ತು ಗದಗ ಒಂದೇ ವೇದಿಕೆಯಲ್ಲಿ ಸೇರಿದ ದಿನವೂ ಇದೆ. 1936ರಲ್ಲಿ ವಿಜಯನಗರ ಸ್ಥಾಪನೆಯ 600ನೇ ವರ್ಷದ ಉತ್ಸವ ಹಂಪಿಯಲ್ಲಿ ನಡೀತು. ಆಗಿನ್ನೂ ಹಂಪಿ ಇದ್ದದ್ದು ಮದ್ರಾಸ್ ಪ್ರಾಂತ್ಯ, ಗದಗ ಇದ್ದದ್ದು ಮುಂಬೈ ಪ್ರಾಂತ್ಯ. ಕನ್ನಡದವರು ಒಂದಾಗಬೇಕು ಅನ್ನೋ ಕೂಗು ಜೋರಾಗಿದ್ದ ಕಾಲ. ಅಲ್ಲಿ ಹದಿಹರೆಯ ದಾಟುತ್ತಿದ್ದ ಬಸವರಾಜ ರಾಜಗುರು ಮೊದಲ ದೊಡ್ಡ ಕಛೇರಿ ಹಾಡಿದರು. ರಾಗ ಬಾಗೇಶ್ರೀ. ತಬಲಾಕ್ಕೆ ಕೂತಿದ್ದವರು ಯಾರು ಗೊತ್ತಾ? ಗುರು ಪಂಚಾಕ್ಷರಿ ಗವಾಯಿಗಳೇ. ಶಿಷ್ಯ ಮುಂದೆ, ಗುರು ಪಕ್ಕದಲ್ಲಿ. ಪುರಂದರದಾಸರ ಊರಲ್ಲಿ ಹಿಂದೂಸ್ತಾನಿ ರಾಗ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಭಾತಖಂಡೆ ತೀರಿಕೊಂಡರು. ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯ ಸೇರಿದ್ದು ಇನ್ನೂ 17 ವರ್ಷದ ನಂತರ, 1953ರ ಅಕ್ಟೋಬರ್ 1ಕ್ಕೆ.

ಇನ್ನೊಂದು ವಾದ್ಯದ ಮಾತು ಬಾಕಿ ಇದೆ. ಹಗರಿಬೊಮ್ಮನಹಳ್ಳಿ ರಸ್ತೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರ ಪದ್ಮಶ್ರೀ ಬಂತಲ್ಲ, ಅವರ ಪರಂಪರೆಯ ಚೌಡಿಕೆ. ಒಂದೇ ತಂತಿ. ಶ್ರುತಿಯೂ ಅದೇ, ತಾಳವೂ ಅದೇ. ಇದನ್ನ ಜಾನಪದ ಅಂತ ಬೇರೆ ಡಬ್ಬಿಗೆ ಹಾಕ್ತಾರೆ. ಆದರೆ ಕದಲದ ಒಂದು ಸ್ವರ ಹಿಡಿದು ಅದರ ಮೇಲೆ ಹಾಡು ಕಟ್ಟೋದು ತಂಬೂರಿಯ ಮುಂದೆ ಕೂತವರ ಕೆಲಸವೂ ಹೌದು, ಚೌಡಿಕೆ ಹಿಡಿದವರ ಕೆಲಸವೂ ಹೌದು.

ಕಲೀಬೇಕು ಅನ್ಸಿದ್ರೆ ಒಂದು ತಂಬೂರಿ ಆ್ಯಪ್ ಹಾಕ್ಕೊಳ್ಳಿ. ಯಾವ ಮನೆಯಲ್ಲಿ ನಿಮ್ಮ ‘ಸ’ ಸಲೀಸಾಗಿ ನಿಲ್ಲುತ್ತೆ, ಕರಿ ಒಂದಾ, ಬಿಳಿ ನಾಲ್ಕಾ, ಅದನ್ನ ಮೊದಲು ಹುಡುಕಿ. ವಾರವೆಲ್ಲ ಬರೀ ಸ, ಪ, ಮೇಲಿನ ಸ. ಆಮೇಲೆ 1, 2, 5, 6. ಮುಂದಿನ ಸಂಚಿಕೆಯಲ್ಲಿ ತಾಳ ಎಣಿಸೋಣ, ಆದಿತಾಳದ 8, ತೀನ್‌ತಾಲದ 16. ಸಿಗೋಣ.