ಬೂದು ಚುಕ್ಕಿಯ ಹಿಂದಿನ ಕೋಣೆ

ಎಪ್ಪತ್ತರ ದಶಕದ ಕೊನೆಯಲ್ಲಿ ಅಮೆರಿಕದ ಅಟಾರಿ ಕಂಪನಿಯ ಮನೆ ವಿಡಿಯೋ ಆಟಗಳನ್ನು ಸಾಮಾನ್ಯವಾಗಿ ಒಬ್ಬರೇ ಬರೆದು ಮುಗಿಸುತ್ತಿದ್ದರು. ಕಲ್ಪನೆ, ಚಿತ್ರ, ಸದ್ದು ಎಲ್ಲವೂ ಅವರದೇ. ಡಬ್ಬಿಯ ಮೇಲೆ ಮಾತ್ರ ಅವರ ಹೆಸರಿರುತ್ತಿರಲಿಲ್ಲ. ಹೀಗೆ ಎಲೆಮರೆಯ ಕಾಯಿಯಾಗಿದ್ದ ವಾರೆನ್ ರಾಬಿನೆಟ್, ‘ಅಡ್ವೆಂಚರ್’ ಆಟದೊಳಗೆ ಯಾರಿಗೂ ಹೇಳದೆ ಒಂದು ಕೋಣೆ ಕಟ್ಟಿದರು. ಅದರ ಬೀಗದ ಕೈ ಒಂದೇ ಪಿಕ್ಸೆಲ್ಲಿನ ಬೂದು ಚುಕ್ಕಿ, ಹಿನ್ನೆಲೆಯೂ ಬೂದು. ಕಪ್ಪು ಕೋಟೆಯ ಸುತ್ತುದಾರಿಯಲ್ಲಿ ಅದನ್ನು ಹುಡುಕಿ ಹೊತ್ತು ತಂದರೆ ಬೇರೊಂದು ಕಡೆಯ ಗೋಡೆ ದಾರಿ ಬಿಡುತ್ತಿತ್ತು. ಒಳಗೆ, ಬಣ್ಣ ಬದಲಿಸುತ್ತ ಮಿನುಗುವ ರಾಬಿನೆಟ್ ಹೆಸರು. ಇಡೀ ಆಟಕ್ಕೆ ಸಿಕ್ಕಿದ್ದ ಜಾಗವೇ 4 ಕಿಲೋಬೈಟ್. ಅದರಲ್ಲೂ ಹೆಸರಿಗೆ ಜಾಗ ಉಳಿಸಿಕೊಂಡರೆಂದರೆ ಹಟ ಎಷ್ಟಿರಬೇಡ!

1980ರಲ್ಲಿ ಆಟ ಅಂಗಡಿಗೆ ಬರುವ ಹೊತ್ತಿಗೆ ಅವರು ಕೆಲಸ ಬಿಟ್ಟಾಗಿತ್ತು. ಸಾಲ್ಟ್ ಲೇಕ್ ಸಿಟಿಯ ಹುಡುಗನೊಬ್ಬ ಕೋಣೆ ಕಂಡು ಕಂಪನಿಗೆ ಪತ್ರ ಬರೆದಾಗಲೇ ಗುಟ್ಟು ರಟ್ಟಾದದ್ದು. ಕೋಣೆ ತೆಗೆಯಲು ಆಟದ ಚಿಪ್‌ಗಳನ್ನು ಹೊಸದಾಗಿ ಮಾಡಿಸುವುದು ದುಬಾರಿ ಬಾಬತ್ತು. ಈಸ್ಟರ್ ಹಬ್ಬದಲ್ಲಿ ಮಕ್ಕಳು ಬಚ್ಚಿಟ್ಟ ಮೊಟ್ಟೆ ಹುಡುಕುವಂತೆ ಆಟಗಾರರೂ ಹುಡುಕಲಿ ಎಂದು ಸ್ಟೀವ್ ರೈಟ್ ಎಂಬ ಅಧಿಕಾರಿ ಅದನ್ನು ಹಾಗೇ ಉಳಿಸಿದರು. ‘ಈಸ್ಟರ್ ಎಗ್’ ಎಂಬ ಹೆಸರು ಅಂಟಿಕೊಂಡದ್ದು ಅಲ್ಲಿಂದ. ಅಷ್ಟರಲ್ಲೇ, ಹೆಸರು ಮತ್ತು ಹಣದ ವಿಷಯಕ್ಕೆ ಮುನಿದ ಅಟಾರಿಯ ಬೇರೆ ಪ್ರೋಗ್ರಾಮರುಗಳು 1979ರಲ್ಲಿ ಆಕ್ಟಿವಿಷನ್ ಕಟ್ಟಿ, ಬರೆದವರ ಹೆಸರನ್ನು ರಾಜಾರೋಷವಾಗಿ ಅಚ್ಚುಹಾಕತೊಡಗಿದ್ದರು.

ರಾಬಿನೆಟ್ ಮೊದಲಿಗರೇನಲ್ಲ. ಅಟಾರಿಯದೇ 1977ರ ‘ಸ್ಟಾರ್‌ಶಿಪ್ 1’ ಆಟದಲ್ಲಿ ರಾನ್ ಮಿಲ್ನರ್ ಅಡಗಿಸಿದ್ದ ‘ಹಾಯ್ ರಾನ್!’ ಲೋಕಕ್ಕೆ ತಿಳಿದದ್ದು 2017ರಲ್ಲಿ. ನಲವತ್ತು ವರ್ಷ ಕಾದ ರುಜು.

ತೊಂಬತ್ತರ ದಶಕದಲ್ಲಿ ರುಜು ತಂಡದ್ದಾಯಿತು, ಜಾಗವೂ ಧಾರಾಳವಾಯಿತು. ಮೈಕ್ರೋಸಾಫ್ಟ್‌ನ ಎಕ್ಸೆಲ್ 97ರ ಹೊಸ ಹಾಳೆಯಲ್ಲಿ ಗೊತ್ತಾದ ಕೀಲಿಗಳನ್ನು ಗೊತ್ತಾದ ಕ್ರಮದಲ್ಲಿ ಒತ್ತಿದರೆ ಲೆಕ್ಕದ ಚೌಕಗಳು ಮಾಯವಾಗಿ, ನೀವು ವಿಮಾನದಲ್ಲಿದ್ದಂತೆ ನೇರಳೆ ಬೆಟ್ಟಗಳ ಮೇಲೆ ಹಾರುತ್ತಿದ್ದಿರಿ. ಅಲ್ಲೊಂದು ಕಲ್ಲಿನ ಮೇಲೆ ಬರೆದವರ ಹೆಸರುಗಳು ಸರಿಯುತ್ತಿದ್ದವು. ಅದೇ ವರ್ಷದ ವರ್ಡಿನಲ್ಲಿ ಪಿನ್‌ಬಾಲ್ ಆಟವಿತ್ತು.

2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ನೌಕರರಿಗೆ ಪತ್ರ ಬರೆದು, ಹೊಸ ಸೌಲಭ್ಯಕ್ಕಿಂತ ಸುರಕ್ಷತೆ ಮೊದಲು ಎಂದರು. ವಿಮಾನವನ್ನೇ ಬಚ್ಚಿಡಬಲ್ಲವರು ಇನ್ನೇನೇನು ಬಚ್ಚಿಟ್ಟಿದ್ದಾರೋ ಎಂಬ ಗುಮಾನಿ ಕೊಳ್ಳುವವರಿಗೆ ಬಂದರೆ ಯಾವ ಸಮಜಾಯಿಷಿಯೂ ಸಾಲದು. ಮೈಕ್ರೋಸಾಫ್ಟ್ ಮೊಟ್ಟೆ ಇಡುವುದನ್ನು ನಿಲ್ಲಿಸಿತು. ಆ ವಿಮಾನ ನನಗೂ ಇಷ್ಟವೇ. ನನ್ನ ಬ್ಯಾಂಕಿನ ಕಂಪ್ಯೂಟರಿನಲ್ಲಿ ಮಾತ್ರ ಬೇಡ.

ಮೂಲ ಕೋಡನ್ನು ಯಾರು ಬೇಕಾದರೂ ಓದಬಹುದಾದ ಕಡೆ ಈ ಅನುಮಾನಕ್ಕೆ ಎಡೆಯಿಲ್ಲ, ಬರೀ ತಮಾಷೆ. ಡೆಬಿಯನ್ ಲಿನಕ್ಸಿನಲ್ಲಿ ‘ಆಪ್ಟ್-ಗೆಟ್ ಮೂ’ ಎಂಬ ಆದೇಶ ಕೊಟ್ಟರೆ ಅಕ್ಷರಗಳಲ್ಲೇ ಬಿಡಿಸಿದ ಹಸು ಬಂದು, ಇವತ್ತು ಅಂಬಾ ಎಂದೆಯಾ ಎಂದು ವಿಚಾರಿಸುತ್ತದೆ.

ಈಗ ಮೊಟ್ಟೆ ಇಡುವುದು ಕಂಪನಿಗಳೇ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆವೃತ್ತಿಯ ಸಂಖ್ಯೆಯನ್ನು ಪಟಪಟನೆ ತಟ್ಟಿ ನೋಡಿ, ಏನಾದರೊಂದು ಎದ್ದುಬರುತ್ತದೆ. 2010ರ ಜಿಂಜರ್‌ಬ್ರೆಡ್‌ನಲ್ಲಿ ಜೋಂಬಿಗಳ ಚಿತ್ರ ಬಂದಿತ್ತು, 2016ರ ನೌಗಾಟ್‌ನಲ್ಲಿ ತಿಂಡಿಯಿಟ್ಟು ಬೆಕ್ಕು ಹಿಡಿಯುವ ಆಟ. ನೆಟ್ ಹೋದಾಗ ಕ್ರೋಮ್‌ನಲ್ಲಿ ಓಡುವ ಡೈನೋಸಾರ್ 2014ರದು. ಅದನ್ನು ಗುಟ್ಟು ಎನ್ನುವವರೂ ಈಗಿಲ್ಲ. ಕಳ್ಳಿಗಳ ಮೇಲಿಂದ ಹಾರಿಸಿ ಎಷ್ಟು ದೂರ ಓಡಿಸಿದರೂ ಆ ಮರುಭೂಮಿಯಲ್ಲಿ ಯಾರ ಹೆಸರೂ ಎದುರಾಗುವುದಿಲ್ಲ.